ಚಕ್ರದ ಮೇಲಿನ ಮನೆಗಳ ಜಾತ್ರೆ

ಅಮೆರಿಕದ ಅರಿಜೋನಾ ರಾಜ್ಯದ ಪಶ್ಚಿಮ ಅಂಚಿನಲ್ಲಿ, ಕ್ಯಾಲಿಫೋರ್ನಿಯಾ ಗಡಿಗೆ ಸುಮಾರು 30 ಕಿ.ಮೀ. ದೂರದಲ್ಲಿ ಕ್ವಾರ್ಟ್ಸ್‌ಸೈಟ್ ಎಂಬ ಪುಟ್ಟ ಊರಿದೆ. ಸುತ್ತಲೂ ಕಲ್ಲುನೆಲದ ಮರುಭೂಮಿ, ಅಲ್ಲೊಂದು ಇಲ್ಲೊಂದು ಕಳ್ಳಿ. ಬೇಸಿಗೆಯಲ್ಲಿ ಬಿಸಿಲು 45 ಡಿಗ್ರಿ ದಾಟುವುದುಂಟು. ಆದರೆ ಜನವರಿ ಬಂತೆಂದರೆ ಊರಿಗೆ ಜಾತ್ರೆಯ ಕಳೆ! ಹಿಮದ ಕಾಟ ತಾಳಲಾರದೆ ಕೆನಡಾದಿಂದಲೂ ಅಮೆರಿಕದ ಉತ್ತರದ ರಾಜ್ಯಗಳಿಂದಲೂ ಸಾವಿರಾರು ಜನ ಮನೆಯ ಸಮೇತ ಇಲ್ಲಿಗೆ ಬರುತ್ತಾರೆ. ಮನೆಯೆಂದರೆ ಮೋಟಾರ್‌ಹೋಮ್. ಅಡುಗೆಮನೆ, ಮಂಚ, ಬಚ್ಚಲು ಎಲ್ಲವನ್ನೂ ಹೊತ್ತು ಓಡುವ ಬಸ್ಸಿನಂಥ ವಾಹನ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಶುಲ್ಕ ತೆತ್ತು ಸರ್ಕಾರಿ ಬಯಲಿನಲ್ಲಿ ಬೀಡುಬಿಡಲು ಅವಕಾಶವಿದೆ.

ಊರಿನ ಸ್ಮಶಾನದಲ್ಲಿ ತುದಿಯಲ್ಲಿ ಒಂಟೆಯ ಆಕೃತಿಯುಳ್ಳ ಕಲ್ಲಿನ ಪಿರಮಿಡ್ಡೊಂದಿದೆ. 1856ರಲ್ಲಿ ಅಮೆರಿಕದ ಸೇನೆ ಮರುಭೂಮಿಯ ಸಾಗಾಟಕ್ಕೆಂದು ಒಂಟೆಗಳನ್ನು ತರಿಸಿದಾಗ ಅವುಗಳೊಡನೆ ಬಂದ ಹಾಜಿ ಅಲಿಯ ಸಮಾಧಿ ಅದು. ಸ್ಥಳೀಯರ ಬಾಯಲ್ಲಿ ಆತ 'ಹೈ ಜಾಲಿ' ಆದ. 1902ರಲ್ಲಿ ತೀರಿಕೊಂಡ ಆತನಿಗೆ 1935ರಲ್ಲಿ ಈ ಸ್ಮಾರಕ ಕಟ್ಟಿದರು. ಒಂಟೆಗಳ ಪ್ರಯೋಗ ಮುಂದುವರಿಯಲಿಲ್ಲ. ಈಗ ಇಲ್ಲಿ ಮೋಟಾರು ವಾಹನಗಳದೇ ರಾಜ್ಯ.

ಜನವರಿಯಲ್ಲಿ ಇಲ್ಲಿ ದೊಡ್ಡ ವಾಹನ ಪ್ರದರ್ಶನ ನಡೆಯುತ್ತದೆ. ನಿವೃತ್ತ ದಂಪತಿಗಳು ಜೀವಮಾನದ ಉಳಿತಾಯವನ್ನೇ ಸುರಿದು ಇಂಥ ಮನೆ ಕೊಳ್ಳುವುದುಂಟು. ಹೊಸದರ ಬೆಲೆ ಕೈಗೆಟುಕದವರು ಸೆಕೆಂಡ್ ಹ್ಯಾಂಡ್ ಹುಡುಕುತ್ತಾರೆ. ಎಲ್ಲರದೂ ಮೊದಲ ಪ್ರಶ್ನೆ ಒಂದೇ: 'ಎಷ್ಟು ಮೈಲಿ ಓಡಿದೆ?'

ಒಂದು ಸಣ್ಣ ಲೆಕ್ಕ ನೋಡಿ. 20 ವರ್ಷದ ಒಂದು ಗಾಡಿ 20,000 ಮೈಲಿ ಓಡಿದೆ; 10 ವರ್ಷದ ಇನ್ನೊಂದು 80,000 ಮೈಲಿ. ಮೊದಲನೆಯದು ವರ್ಷಕ್ಕೆ ಸರಾಸರಿ ಸಾವಿರ ಮೈಲಿ, ಎರಡನೆಯದು ಎಂಟು ಸಾವಿರ. ಕಡಿಮೆ ಓಡಿದ್ದೇ ಒಳ್ಳೆಯದೆಂದು ಯಾರಿಗಾದರೂ ಅನ್ನಿಸೀತು. ಆದರೆ ನಿಂತ ಗಾಡಿಯೂ ಹಾಳಾಗುತ್ತದೆ! ಬ್ಯಾಟರಿ ಸಾಯುತ್ತದೆ, ಟ್ಯಾಂಕಿನ ಪೆಟ್ರೋಲು ಕೆಡುತ್ತದೆ, ರಬ್ಬರ್ ಒಣಗಿ ಬಿರಿಯುತ್ತದೆ. ಇತ್ತ ಲಾರಿಗೆ ಬಳಸುವಂಥ ದೊಡ್ಡ ಡೀಸೆಲ್ ಇಂಜಿನ್ನಿಗೆ, ಆರೈಕೆ ಸರಿಯಿದ್ದರೆ, ಒಂದು ಲಕ್ಷ ಮೈಲಿ ಮುಪ್ಪೇನಲ್ಲ.

ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಮಾರುವವನ ಮಾತು ನಂಬದೆ ಹಲ್ಲು ಎಣಿಸುತ್ತಾನೆ. ಇಲ್ಲಿಯೂ ಅಂಥ ಗುರುತುಗಳುಂಟು. ಟೈರಿನ ಪಕ್ಕದಲ್ಲಿ ಅಚ್ಚಾದ ಸಂಕೇತದ ಕೊನೆಯ ನಾಲ್ಕು ಅಂಕಿ ಅದರ ಜನ್ಮಪತ್ರಿಕೆ. 3518 ಎಂದಿದ್ದರೆ 2018ರ 35ನೇ ವಾರ ತಯಾರಾದದ್ದು. ಮೇಲ್ಮೈ ಸವೆಯದಿದ್ದರೂ ಹಳೆಯ ಟೈರು ದಾರಿಯಲ್ಲಿ ಸಿಡಿಯಬಹುದು. ವಿದ್ಯುತ್ ಜನರೇಟರಿಗೆ ಬೇರೆಯೇ ಮೀಟರಿದ್ದು, ಅದು ಮೈಲಿಯ ಬದಲು ಗಂಟೆಗಳ ಲೆಕ್ಕ ಇಡುತ್ತದೆ. ಎಲ್ಲಕ್ಕಿಂತ ದೊಡ್ಡ ಶತ್ರು ನೀರು. ಛಾವಣಿಯ ಬಿರುಕಿನಿಂದ ಇಳಿದ ನೀರು ಗೋಡೆಯೊಳಗಿನ ಮರವನ್ನು ಕೊಳೆಸುತ್ತದೆ. ಕಾಲಿಟ್ಟಾಗ ನೆಲ ಮೆತ್ತಗೆ ಕುಸಿದರೆ, ಗೋಡೆ ಉಬ್ಬಿದ್ದರೆ, ಮುಗ್ಗಲು ವಾಸನೆ ಬಂದರೆ ಮೀಟರಿನಲ್ಲಿ ಎಷ್ಟೇ ಕಡಿಮೆ ಮೈಲಿ ಇದ್ದರೂ ಪ್ರಯೋಜನವಿಲ್ಲ. ಮೇಲೆ ಥಳುಕು, ಒಳಗೆ ಹುಳುಕು!

ಮೀಟರೇ ಸುಳ್ಳು ಹೇಳಿದರೆ? ಮೋಸ ಮಾಡಲು ಅದನ್ನು ಹಿಂದಕ್ಕೆ ತಿರುಗಿಸುವುದು ಅಮೆರಿಕದಲ್ಲಿ ಅಪರಾಧ. 1972ರಲ್ಲೇ ಇದಕ್ಕೆ ಕಾನೂನು ಬಂತು. ಮಾರುವಾಗ ಓಡಿದ ಮೈಲಿಯನ್ನು ಬರೆದುಕೊಡಬೇಕೆಂಬ ನಿಯಮವೂ ಇದೆ. ಆದರೆ ಹೊರೆಯೂ ಸೇರಿ 16,000 ಪೌಂಡಿಗೂ, ಅಂದರೆ ಸುಮಾರು 7,250 ಕಿಲೋಗೂ, ಹೆಚ್ಚು ತೂಗಬಲ್ಲ ವಾಹನಗಳಿಗೆ ಆ ನಿಯಮದಿಂದ ವಿನಾಯಿತಿ. ದೊಡ್ಡ ಮೋಟಾರ್‌ಹೋಮ್‌ಗಳು ಬರುವುದು ಈ ಗುಂಪಿಗೇ. ಹಳೆಯ ಐದಂಕಿಯ ಮೀಟರಾದರೆ 99,999 ದಾಟಿದ ಮೇಲೆ ಮತ್ತೆ ಸೊನ್ನೆಯಿಂದ ಶುರು.

ಆದ್ದರಿಂದ ತಿಳಿದವರು ಆಯಿಲ್ ಬದಲಿಸಿದ, ಛಾವಣಿ ರಿಪೇರಿ ಮಾಡಿಸಿದ ರಸೀದಿಗಳನ್ನು ಕೇಳುತ್ತಾರೆ. ಪ್ರತಿ ರಸೀದಿಯಲ್ಲೂ ತಾರೀಖಿನ ಜೊತೆ ಅಂದಿನ ಮೈಲಿ ಬರೆದಿದ್ದರೆ ಮೀಟರಿನ ಸತ್ಯ ತಾನಾಗಿ ಹೊರಬೀಳುತ್ತದೆ. ಹಣ ಕೊಡುವ ಮುನ್ನ ಬೇರೊಬ್ಬ ಮೆಕ್ಯಾನಿಕ್‌ನಿಂದ ಪರೀಕ್ಷೆ ಮಾಡಿಸುತ್ತಾರೆ. ಇಳಿವಯಸ್ಸಿನವರ ಸೂರು ಮರುಭೂಮಿಯ ನಡುದಾರಿಯಲ್ಲಿ ಕೆಟ್ಟು ನಿಲ್ಲಬಾರದಲ್ಲ!