ಸರ್ಪಸುತ್ತು ಅಲ್ಲ

ಈ ಪೋಸ್ಟ್ ಹಾಕಬೇಕೋ ಬೇಡವೋ ಅಂತ ಮೂರು ವಾರದಿಂದ ಡ್ರಾಫ್ಟ್‌ನಲ್ಲೇ ಇಟ್ಟಿದ್ದೆ. ನಮ್ಮನೆಯವರು ಯಾರೂ ನನ್ನ ಬ್ಲಾಗ್ ಓದೋದಿಲ್ಲ ಅನ್ನೋ ಧೈರ್ಯದ ಮೇಲೆ ಇವತ್ತು ಹಾಕ್ತಾ ಇದೀನಿ :)

ದೀಪಾವಳಿಗೆ ಊರಿಗೆ ಹೋಗಿದ್ದೆ. ನವಲಗುಂದದ ಹತ್ತಿರ ನಮ್ಮೂರು, ಕಪ್ಪು ಮಣ್ಣಿನ ಎರೆಹೊಲದ ಸೀಮೆ. ರಾತ್ರಿ ಊಟ ಆದಮೇಲೆ ಬಾಲ್ಯದ ಗೆಳತಿ ಹಿತ್ತಲಿಗೆ ಕರೆದು, "ನೀ ಇಂಟರ್ನೆಟ್‌ನಾಗ ಎಲ್ಲಾ ನೋಡ್ತಿಯಲ್ಲ, ಒಂದು ಕೇಳ್ಲೇನ?" ಅಂದಳು.

ಹೇಳಬಾರದ ಜಾಗದಲ್ಲಿ ನೀರುಗುಳ್ಳೆ. ಒಡೆದು ಹುಣ್ಣಾಗಿ, ಮೂತ್ರಕ್ಕೆ ಹೋದರೆ ಬೆಂಕಿ ಬಿದ್ದ ಹಾಗೆ ಉರಿ. ಅತ್ತೆ "ಸರ್ಪಸುತ್ತು" ಅಂತ ಕೆಮ್ಮಣ್ಣು ಹಚ್ಚಿಸಿದ್ದರಂತೆ. ತಾನಾಗೇ ವಾಸಿಯಾಯ್ತು, ಮಣ್ಣಿಗೆ ಕೀರ್ತಿ ಬಂತು. ಎರಡು ತಿಂಗಳಿಗೆ ಮತ್ತೆ ಬಂತು. ಒಂದು ದವಾಖಾನೆಗೆ ಹೋದರೆ ಹತ್ತು ಮಂದಿ ಮುಂದೆ, "ಗಂಡನ್ನ ಬಿಟ್ಟು ಬ್ಯಾರೆ ಯಾರರ...?" ಅಂತ ಕೇಳಿದರಂತೆ. ಗಂಡ ಹೊರಗೆ ಬೆಂಚಿನ ಮೇಲೇ ಕೂತಿದ್ದ. ವರ್ಷದಲ್ಲಿ ಎಂಟು ತಿಂಗಳು ಗೋವಾದಲ್ಲಿ ದುಡಿಯುವವನು. ಅವನನ್ನ ಯಾರೂ ಏನೂ ಕೇಳಲಿಲ್ಲ!

ಇದು ಜನನಾಂಗದ ಹರ್ಪಿಸ್. ಸರ್ಪಸುತ್ತು ಅದೇ ಕುಟುಂಬದ ಬೇರೆ ವೈರಸ್, ಚಿಕನ್‌ಪಾಕ್ಸ್ ಬಂದು ಹೋದವರ ಮೈಯಲ್ಲಿ ಅಡಗಿದ್ದು ಮತ್ತೆ ಏಳುವಂಥದ್ದು. ತಮಾಷೆ ಅಂದ್ರೆ, ಹರ್ಪಿಸ್ ಅನ್ನೋ ಗ್ರೀಕ್ ಪದಕ್ಕೂ ನಮ್ಮ 'ಸರ್ಪ'ಕ್ಕೂ ಮೂಲ ಒಂದೇ, ಹರಿದಾಡುವುದು ಅಂತ. ಅತ್ತೆ ಹೆಸರಲ್ಲಿ ಅರ್ಧ ಗೆದ್ದರು!

ವಿಶ್ವ ಆರೋಗ್ಯ ಸಂಸ್ಥೆಯ 2016ರ ಅಂದಾಜಿನಲ್ಲಿ 15ರಿಂದ 49 ವಯಸ್ಸಿನ 49.1 ಕೋಟಿ ಜನರಿಗೆ ಇದರ ಎರಡನೇ ಬಗೆಯ ವೈರಸ್ ಇತ್ತು. ಅದರಲ್ಲಿ ಹೆಂಗಸರೇ 31.3 ಕೋಟಿ. ಹೆಂಗಸರು ಕೆಟ್ಟವರು ಅಂತಲ್ಲ ಮಾರಾಯ್ರೇ, ಗಂಡಸಿನಿಂದ ಹೆಣ್ಣಿಗೆ ದಾಟೋದು ಅದಕ್ಕೆ ಸಲೀಸು. ಎಷ್ಟೋ ಜನಕ್ಕೆ ಗುಳ್ಳೆಯೇ ಕಾಣೋದಿಲ್ಲ, ಆದರೂ ಹರಡುತ್ತೆ. ಕಾಂಡೋಮ್ ಅಪಾಯ ಕಡಿಮೆ ಮಾಡುತ್ತೆ, ಪೂರ್ತಿ ತಪ್ಪಿಸಲ್ಲ. ಒಬ್ಬನೇ ಗಂಡನ ಜೊತೆ ನೆಟ್ಟಗೆ ಬಾಳಿದವಳಿಗೂ ಬರುತ್ತೆ. ಇದಿದ್ದವರಿಗೆ ಎಚ್‌ಐವಿ ತಗಲುವ ಅಪಾಯವೂ ಜಾಸ್ತಿ. ವೈರಸ್ ನರದ ಬುಡದಲ್ಲಿ ವರ್ಷಗಟ್ಟಲೆ ಸುಮ್ಮನಿರಬಹುದು, ಹಾಗಾಗಿ ಯಾರಿಂದ, ಯಾವಾಗ ಅಂತ ಗುಳ್ಳೆ ನೋಡಿ ಹೇಳೋಕಾಗಲ್ಲ. ಇದನ್ನ ಅವಳ ಗಂಡನ ಪರವಾಗಿಯೂ ಹೇಳಲೇಬೇಕಾಯ್ತು, ಮನಸ್ಸಿಲ್ಲದಿದ್ದರೂ.

ಮರುವಾರ ರಜೆ ಹಾಕಿ ಧಾರವಾಡದ ಜಿಲ್ಲಾ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ಗೆ ಅವಳನ್ನ ಕರ್ಕೊಂಡು ಹೋದೆ. ಬಾಗಿಲು ಹಾಕಿಕೊಂಡು ಮಾತಾಡಿಸಿದರು. ಅಷ್ಟಕ್ಕೇ ಅವಳು ಅತ್ತುಬಿಟ್ಟಳು. ಕೆಂಪು ಪೊಟ್ಟಣ, ಅಸೈಕ್ಲೋವಿರ್ ಮಾತ್ರೆ, ಏಳು ದಿನ, ದುಡ್ಡಿಲ್ಲ. ವೈರಸ್ ಪೂರ್ತಿ ಹೋಗಲ್ಲ, ಆದರೆ ಹುಣ್ಣು ಬೇಗ ಮಾಯುತ್ತೆ.

ಅವಳ ಭಯ ಬೇರೆಯೇ ಇತ್ತು. "ಮುಂದ ಕೂಸಾದ್ರ ಅದಕ್ಕ ಏನರ ಆಗತೈತೇನ್ರಿ?" ಬಸುರಿಯ ಕೊನೇ ತಿಂಗಳುಗಳಲ್ಲಿ ಮೊದಲ ಸಲ ಸೋಂಕು ತಗಲಿದರೆ ಕೂಸಿಗೆ ಹೆಚ್ಚು ಅಪಾಯ, ಮೊದಲೇ ಇದ್ದವರಿಗೆ ಕಡಿಮೆ. ಹೆರಿಗೆ ಹೊತ್ತಿಗೆ ಹುಣ್ಣಿದ್ದರೆ ಸಿಜೇರಿಯನ್ ಮಾಡ್ತಾರೆ, ಡಾಕ್ಟರಿಗೆ ಮೊದಲೇ ಹೇಳಬೇಕು ಅಂದರು. ಗಂಡನನ್ನೂ ಕರೆತರೋಕೆ ಹೇಳಿದರು.

ಮೊನ್ನೆ ಫೋನ್ ಮಾಡಿ ಕೇಳಿದೆ. "ಕುಂದಗೋಳದಾಗ ಮದುವಿ ಐತಿ, ಮುಗಿಸಿ ಬರ್ತೀನಿ ಅಂದಾನ" ಅಂದಳು. ಮದುವೆ ಮುಗಿದು ಹತ್ತು ದಿನ ಆಯ್ತು.