ಹಿಮದಲ್ಲಿ ಜಾರೋಕೆ ಎಷ್ಟು ದುಡ್ಡು?

ಮ್ಯೂನಿಕ್‌ನಲ್ಲಿ ಚಳಿಗಾಲ ಬಂತೆಂದರೆ ಆಫೀಸಿನಲ್ಲಿ ಒಂದೇ ಮಾತು: "ಈ ವರ್ಷ ಸ್ಕೀಯಿಂಗ್‌ಗೆ ಎಲ್ಲಿಗೆ?" ಆಲ್ಪ್ಸ್ ಇಲ್ಲಿಂದ ಒಂದೆರಡು ಗಂಟೆಯ ದಾರಿ, ನಿಜ. ಆದರೆ ಆಸ್ಟ್ರಿಯಾದ ದೊಡ್ಡ ಸ್ಕೀ ತಾಣಗಳಲ್ಲಿ ಒಬ್ಬರಿಗೆ ಒಂದು ದಿನದ ಲಿಫ್ಟ್ ಪಾಸೇ 70 ಯೂರೋ ದಾಟಿದೆ. ಅಂದ್ರೆ ಏಳು ಸಾವಿರ ರೂಪಾಯಿ, ಬರೀ ಬೆಟ್ಟ ಹತ್ತಿಸಿ ಬಿಡೋದಕ್ಕೆ! ಯೂರೋವನ್ನು ರೂಪಾಯಿಗೆ ಗುಣಿಸೋ ಅಭ್ಯಾಸ ನನಗಿನ್ನೂ ಹೋಗಿಲ್ಲ, ಹೋಗೋದೂ ಬೇಡ.

ಏಪ್ರಿಲ್‌ನಲ್ಲಿ ಊರಿಗೆ ಹೋಗೋ ವಿಮಾನದ ಟಿಕೆಟ್, ಈ ರಜೆ ಎರಡೂ ನಮ್ಮ ಒಂದೇ ಉಳಿತಾಯ ಖಾತೆಯಿಂದ ಬರಬೇಕು. ಅಪ್ಪನಿಗೆ ಈಗ 68. ಊರಿನ ಪ್ರಯಾಣ ಮುಂದೂಡಿ ಹಿಮದಲ್ಲಿ ಜಾರೋದು ನನ್ನಿಂದಾಗದು. ಹಾಸನದಲ್ಲಿ ಬೆಳೆದ ನನ್ನ ಹೆಂಡತಿಗೋ ಸ್ಕೀಯಿಂಗ್ ಕಲಿಯಲೇಬೇಕು ಅನ್ನೋ ಆಸೆ. ಹಾಗಾಗಿ ಇಬ್ಬರಿಗೂ ಸೇರಿ ನಾಲ್ಕು ದಿನಕ್ಕೆ 1,200 ಯೂರೋ, ಅದರ ಮೇಲೆ ಒಂದು ಸೆಂಟೂ ಇಲ್ಲ ಅಂತ ಕೂತು ಬರೆದೆವು.

ದೊಡ್ಡ ಉಳಿತಾಯ ಸಿಕ್ಕಿದ್ದು ಕ್ಯಾಲೆಂಡರಿನಲ್ಲಿ. ಕ್ರಿಸ್ಮಸ್‌ನಿಂದ ಜನವರಿ 6ರವರೆಗೆ ಎಲ್ಲಾ ಕಡೆ ಜನವೋ ಜನ. ಫೆಬ್ರವರಿಯಲ್ಲಿ ಶಾಲೆಗಳಿಗೆ ರಜೆ, ಮತ್ತೆ ಜಾತ್ರೆ. ಇವೆರಡರ ನಡುವಿನ ಜನವರಿ ವಾರಗಳಲ್ಲಿ ಹಿಮವೂ ಚೆನ್ನಾಗಿರುತ್ತೆ, ರೂಮುಗಳೂ ಖಾಲಿ ಇರುತ್ತವೆ. ಮಕ್ಕಳಿಲ್ಲದ ನಮ್ಮಂಥವರು ಶಾಲಾ ರಜೆಯಲ್ಲಿ ಹೋಗಿ ದುಪ್ಪಟ್ಟು ಕೊಡೋದು ದಂಡ. ಲಿಫ್ಟಿನ ಬುಡದಲ್ಲೇ ಇರೋ ಹೋಟೆಲ್ ಬಿಟ್ಟು, ಪಕ್ಕದ ಹಳ್ಳಿಯಲ್ಲಿ ರೈತರೊಬ್ಬರ ಮನೆಯ ರೂಮು ಹಿಡಿದೆವು, ಅಡುಗೆಮನೆ ಸಮೇತ. ರಾತ್ರಿಗೆ 90 ಯೂರೋ. ಬೆಳಿಗ್ಗೆ ಸ್ಕೀ ಬಸ್ಸು ಮನೆ ಮುಂದೆಯೇ ನಿಲ್ಲುತ್ತೆ, ಅದಕ್ಕೆ ದುಡ್ಡಿಲ್ಲ. ಮ್ಯೂನಿಕ್‌ನಿಂದ ಗಡಿಯಾಚೆಯ ಕುಫ್‌ಸ್ಟೈನ್‌ವರೆಗೂ ನಮ್ಮ ಡಾಯ್ಚ್‌ಲಾಂಡ್ ಟಿಕೆಟ್ ನಡೆಯುತ್ತೆ. ಆಫೀಸಿಗೆ ಓಡಾಡೋಕೆ ಹೇಗೂ ತಿಂಗಳಿಗೊಮ್ಮೆ ಕೊಳ್ಳೋ ಪಾಸು ಅದು.

ಮೊದಲ ಸಲ ಹೋಗುವವರಿಗೆ ಇಡೀ ಬೆಟ್ಟದ ಪಾಸು ಬೇಕಿಲ್ಲ. ಮೊದಲ ಎರಡು ದಿನ ಬೀಳೋದು, ಏಳೋದು ಅಷ್ಟೇ ಕೆಲಸ, ಅದೂ ತಪ್ಪಲಿನ ಪುಟ್ಟ ಇಳಿಜಾರಿನಲ್ಲಿ. ಕಲಿಯುವವರ ಸಣ್ಣ ಲಿಫ್ಟಿಗೆ ಪ್ರತ್ಯೇಕ ಟಿಕೆಟ್ ಇರುತ್ತೆ, ಬಹಳ ಕಡಿಮೆ. ಟಿಕೆಟ್ ಕೌಂಟರಿನವರು ತಾವಾಗಿ ಹೇಳೋದು ಅಪರೂಪ, ಕೇಳಬೇಕು.

ಸ್ಕೀ, ಬೂಟು, ಹೆಲ್ಮೆಟ್ ಬಾಡಿಗೆಗೆ. ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಿದರೆ ಅಗ್ಗ. ಪ್ಯಾಂಟು ಜಾಕೆಟ್ ಸ್ನೇಹಿತರದು. ಬೂಟು ಮಾತ್ರ ಯಾರದ್ದೋ ಹಾಕಿಕೊಳ್ಳಬೇಡಿ, ಅಳತೆ ಒಂಚೂರು ಸಡಿಲವಾದರೂ ಕಾಲು ಹೇಳಿದ ಮಾತು ಸ್ಕೀ ಕೇಳಲ್ಲ.

ಊಟದ ವಿಷಯಕ್ಕೆ ನಾವು ನಾಚಿಕೊಳ್ಳಲಿಲ್ಲ. ಬೆಟ್ಟದ ಮೇಲಿನ ಹೋಟೆಲಿನಲ್ಲಿ ಇಬ್ಬರ ಮಧ್ಯಾಹ್ನದ ಊಟಕ್ಕೆ ಸುಲಭವಾಗಿ 40 ಯೂರೋ ಹೋಗುತ್ತೆ. ನಾವು ಚಪಾತಿಗೆ ತುಪ್ಪ, ಚಟ್ನಿಪುಡಿ ಸವರಿ ಸುತ್ತಿ, ಫಾಯಿಲ್‌ನಲ್ಲಿ ಕಟ್ಟಿ ಜಾಕೆಟ್ಟಿನ ಒಳಜೇಬಿನಲ್ಲಿ ಇಟ್ಟುಕೊಂಡೆವು. ಬೆನ್ನಚೀಲದಲ್ಲಿಟ್ಟರೆ ಚಪಾತಿ ಹಪ್ಪಳವಾಗುತ್ತೆ. ಫ್ಲಾಸ್ಕಿನಲ್ಲಿ ಶುಂಠಿ ಟೀ. ಪಕ್ಕದ ಬೆಂಚಿನ ಜರ್ಮನ್ ಅಜ್ಜಿ ಕೂಡ ಬುತ್ತಿ ಬಿಚ್ಚಿದ್ದರು, ಚಟ್ನಿಪುಡಿ ಚಪಾತಿಯ ಒಂದು ತುಂಡು ಅವರಿಗೂ ಹೋಯಿತು.

ಎರಡು ಕಡೆ ಮಾತ್ರ ಕೈ ಬಿಗಿ ಮಾಡಲಿಲ್ಲ. ಒಂದು, ಮೇಷ್ಟ್ರು. ಮೂರು ದಿನದ ಗುಂಪು ತರಗತಿಗೆ ಇಬ್ಬರಿಗೂ ಸೇರಿ 380 ಯೂರೋ ಕೊಟ್ಟೆವು, ಎಲ್ಲಕ್ಕಿಂತ ದೊಡ್ಡ ಖರ್ಚು ಅದೇ. ಯೂಟ್ಯೂಬ್ ನೋಡಿ ಕೋಡ್ ಬರೆಯಬಹುದು, ಇಳಿಜಾರಿನಲ್ಲಿ ನಿಲ್ಲೋಕಾಗಲ್ಲ. ಇನ್ನೊಂದು, ವಿಮೆ. ನಮ್ಮ ಟೀಮಿನವನೊಬ್ಬ ಮಂಡಿ ಮುರಿದುಕೊಂಡಾಗ ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಯಿತು, ಹಿಂದೆಯೇ ಕೆಲವು ಸಾವಿರ ಯೂರೋಗಳ ಬಿಲ್ಲೂ ಬಂತು. ಬೆಟ್ಟದಿಂದ ಕೆಳಗಿಳಿಸುವ ಖರ್ಚನ್ನು ಮಾಮೂಲಿ ಆರೋಗ್ಯ ವಿಮೆ ಕೊಡುತ್ತೆ ಅಂತ ನಂಬಿ ಕೂರುವ ಹಾಗಿಲ್ಲ. ಆಸ್ಟ್ರಿಯಾದ ಪರ್ವತಪ್ರಿಯರ ಸಂಘ ಆಲ್ಪೆನ್‌ಫೆರೈನ್‌ಗೆ ಸದಸ್ಯರಾದರೆ ಈ ರಕ್ಷಣಾ ಖರ್ಚಿನ ವಿಮೆ ಅದರಲ್ಲೇ ಸೇರಿರುತ್ತೆ. ವರ್ಷದ ಶುಲ್ಕ ಹೆಚ್ಚುಕಡಿಮೆ ಒಂದು ದಿನದ ಲಿಫ್ಟ್ ಪಾಸಿನಷ್ಟು.

ನಾಲ್ಕನೇ ದಿನ ನನ್ನವಳು ಒಮ್ಮೆಯೂ ಬೀಳದೆ ಕೆಳಗಿನ ತನಕ ಜಾರಿಕೊಂಡು ಬಂದಳು. ನಾನು ಎರಡು ಸಲ ಬಿದ್ದೆ. ಲೆಕ್ಕ ನೋಡಿದರೆ ಇನ್ನೂ 30 ಯೂರೋ ಮಿಕ್ಕಿತ್ತು. ಅದರಲ್ಲಿ ಬೆಚ್ಚಗೆ ಒಳಗೆ ಕೂತು ಒಂದು ತಟ್ಟೆ ಕೈಸರ್‌ಶ್ಮಾರ್ನ್ ಹಂಚಿಕೊಂಡೆವು. ದಪ್ಪ ಸಿಹಿ ದೋಸೆಯನ್ನು ಚೂರುಚೂರು ಮಾಡಿ, ಸಕ್ಕರೆ ಪುಡಿ ಉದುರಿಸಿ ಕೊಡ್ತಾರೆ. ಬೆಂಗಳೂರಿನ ಟಿಕೆಟ್ ಬುಕ್ ಮಾಡಿದ್ದು ವಾಪಸ್ ಬರೋ ರೈಲಿನಲ್ಲಿ.