ಶೇಂಗಾ ಮಡಿ

ಶಾಲೆಯಿಂದ ಸುತ್ತೋಲೆ ಬಂತು: ಮಗಳ ತರಗತಿಯ ಮಗುವೊಂದಕ್ಕೆ ಅಲರ್ಜಿ, ಊಟದ ಡಬ್ಬಿಯಲ್ಲಿ ಗೋಡಂಬಿ, ಬಾದಾಮಿ, ಶೇಂಗಾ ಕಳಿಸಬಾರದು. ಗೋಡಂಬಿ, ಬಾದಾಮಿಯ ಚಿಂತೆ ನನಗಿರಲಿಲ್ಲ. ಅವು ನಮ್ಮ ಮನೆಗೆ ಬರುವುದು ಹಬ್ಬಕ್ಕೆ, ಎಣಿಸಿಕೊಂಡು. ಆದರೆ ಶೇಂಗಾ? ಅದೂ ದಾವಣಗೆರೆಯಲ್ಲಿ? ಚಿತ್ರಾನ್ನ, ಅವಲಕ್ಕಿ, ಒಗ್ಗರಣೆ ಮಂಡಕ್ಕಿ, ಎಣ್ಣೆಗಾಯಿ, ರೊಟ್ಟಿಯ ಪಕ್ಕದ ಚಟ್ನಿಪುಡಿ. ಶೇಂಗಾ ತೆಗೆದರೆ ನಮ್ಮ ಡಬ್ಬಿಯಲ್ಲಿ ಉಳಿಯುವುದು ಚಮಚ.

ಹೆಂಡತಿ ಹರಿಹರದಲ್ಲಿ ಟೀಚರು. ನಸುಕಿಗೇ ಬಸ್ಸು ಹತ್ತುತ್ತಾಳೆ. ಡಬ್ಬಿ ಕಟ್ಟುವುದು ನನ್ನ ಪಾಲು. ಮೊದಲ ದಿನ ಚಿತ್ರಾನ್ನದ ಶೇಂಗಾವನ್ನೆಲ್ಲ ಒಂದೊಂದಾಗಿ ಆರಿಸಿ ತೆಗೆದು, ಬಾಯಿಗೆ ಹಾಕಿಕೊಂಡು, ಗೆದ್ದೆನೆಂದು ಕಳಿಸಿದೆ. ಮಗಳು ಹರಿಶ್ಚಂದ್ರನ ಪೈಕಿ: “ಮಿಸ್, ಅಪ್ಪ ಆರಿಸಿ ಕಳಿಸ್ಯಾರ.” ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ವಾಪಸ್ಸು.

ಫೋನಿನಲ್ಲಿ ವಾದಕ್ಕಿಳಿದೆ. “ಮೇಡಂ, ಶೇಂಗಾ ಗೋಡಂಬಿಯ ಜಾತಿಯಲ್ಲ. ಅದು ತೊಗರಿ, ಹೆಸರಿನ ಕುಲದ ಕಾಳು.”

“ನಿಜ ಸರ್. ಆದ್ರೆ ಆ ಮಗುವಿನ ಗಂಟಲಿಗೆ ಅದು ಗೊತ್ತಿಲ್ಲವಲ್ಲ.”

ಕೆಲವರ ಮೈ ಶೇಂಗಾದ ಪ್ರೋಟೀನನ್ನೇ ವೈರಿಯೆಂದು ತಿಳಿಯುತ್ತದೆ. ಚೂರು ಒಳಗೆ ಹೋದರೂ ದದ್ದೆದ್ದು, ಗಂಟಲು ಊದಿ, ಉಸಿರೇ ಕಟ್ಟಬಹುದು. ಇಷ್ಟು ಕೇಳಿದ ಮೇಲೆ ನನ್ನ ಸಸ್ಯಶಾಸ್ತ್ರ ಸುಮ್ಮನಾಯಿತು.

ನಮ್ಮ ಕಾಲದಲ್ಲಿ ಚಡ್ಡಿ ಜೇಬಿನ ಹುರಿದ ಶೇಂಗಾ ಕೊಟ್ಟೇ ಗೆಳೆಯರನ್ನು ಸಂಪಾದಿಸುತ್ತಿದ್ದೆವು. ಈಗ ಮಗಳಿಗೆ “ಯಾರಿಗೂ ಕೊಡಬೇಡ, ಯಾರದ್ದೂ ತಿನ್ನಬೇಡ” ಎನ್ನುವಾಗ ನಾಲಿಗೆ ತೊಡರುತ್ತದೆ. ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಪೌಷ್ಟಿಕವೆಂದು ಕೊಡುತ್ತಿದ್ದುದೂ ಶೇಂಗಾ ಚಿಕ್ಕಿಯನ್ನೇ. ಅದು ನಿಂತದ್ದು 2025ರಲ್ಲಿ, ಬೇರೆಯ ಕಾರಣಕ್ಕೆ.

ಸುದ್ದಿ 14 ಕಿಲೋಮೀಟರ್ ದಾಟಿ ಹರಿಹರದ ಅವ್ವನನ್ನು ಮುಟ್ಟಿತು. ವಾರವಾರವೂ ಸೊಸೆಯ ಕೈಯಲ್ಲಿ ಶೇಂಗಾಪುಡಿ ಕಳಿಸುವವಳು, ಮುನಿದಾಳೆಂದು ಹೆದರಿದ್ದೆ. ಅವಳು ಬೈದದ್ದು ನನ್ನನ್ನು.

“ಆರಿಸಿ ತೆಗದ್ರ ಹೋಗ್ತತೇನಲೇ? ಮಡಿ ಅಂದ್ರ ಮಡಿ!”

ಸುತ್ತೋಲೆ ಹೇಳಲಾರದ್ದು ಆ ಒಂದು ಮಾತಿನಲ್ಲಿತ್ತು. ಬೇರೆ ಬಾಣಲೆ, ಬೇರೆ ಸವಟು, ಬೇರೆ ಮಿಕ್ಸಿ ಜಾರು. ಸುತ್ತೋಲೆಯಲ್ಲಿ ಇರದಿದ್ದ ಗಾಣದೆಣ್ಣೆಯನ್ನೂ ಅವಳೇ ಹಿಡಿದಳು: “ಎಣ್ಣಿ ಎದರಿಂದ ಬರ್ತತಿ?” ಹೌದು, ಗಾಣದ ಶೇಂಗಾ ಎಣ್ಣೆಯಲ್ಲಿ ಕಾಳಿನ ಪ್ರೋಟೀನು ಉಳಿದಿರುತ್ತದೆ. ಚಿಕ್ಕವನಿದ್ದಾಗ ಇದೇ ಮಡಿ ನನ್ನನ್ನು ಅಡುಗೆಮನೆಯ ಹೊಸ್ತಿಲಾಚೆ ನಿಲ್ಲಿಸುತ್ತಿತ್ತು; ನನ್ನ ಕೆಲವು ಗೆಳೆಯರನ್ನು ಅಂಗಳದಾಚೆ.

ಈಗ ಮಂಡಕ್ಕಿಗೆ ಪುಟಾಣಿ, ಚಪಾತಿಗೆ ಮೊಳಕೆಕಾಳಿನ ಪಲ್ಯ, ಮೊಸರನ್ನಕ್ಕೆ ದಾಳಿಂಬೆ, ಒಂದು ದಿನ ಪಡ್ಡು. ರೊಟ್ಟಿಗೆ ಹರಿಹರದಿಂದ ಅಗಸೆ ಚಟ್ನಿಪುಡಿ ಬರುತ್ತದೆ, ಮುಚ್ಚಳಕ್ಕೆ ಕೆಂಪು ದಾರ ಕಟ್ಟಿಸಿಕೊಂಡು. ಭಾನುವಾರ ಮಾತ್ರ ನಾವೆಲ್ಲ ಶೇಂಗಾದವರು.

ಮನೆಗೆ ಯಾರೇ ಬಂದರೂ ನೀರು ಕೊಡುವ ಮೊದಲೇ “ಯಾರ ಪೈಕಿ?” ಎಂದು ಕೇಳುವವಳು ನಮ್ಮವ್ವ. ವಾರಕ್ಕೊಮ್ಮೆ ಫೋನು ಮಾಡಿ “ಆ ಕೂಸು ಆರಾಮೈತೇನಪ್ಪ?” ಎನ್ನುತ್ತಾಳೆ. ಅದು ಯಾರ ಪೈಕಿ ಎಂದು ಈವರೆಗೂ ಕೇಳಿಲ್ಲ.